ರೋಗಿಯ ಖರ್ಚೂ ವರಮಾನ ತೆರಿಗೆಯೂ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಸ್ವಂತ ಹಣದಿಂದ ಆರೋಗ್ಯ ವಿಮೆಯನ್ನು ಕೊಳ್ಳುವ ಗೃಹಸ್ಥರಿಗೆ ಅಲ್ಲಿನ ಕೇಂದ್ರ ಸರ್ಕಾರದವರು 2021ರಿಂದ ಕೊಡುತ್ತ ಬಂದಿದ್ದ ಹೆಚ್ಚುವರಿ ಸಹಾಯದ ಅವಧಿಯು 2025ರ ಡಿಸೆಂಬರ್ 31ಕ್ಕೆ ಮುಗಿಯಿತು. ಇದನ್ನು ಮುಂದುವರಿಸಬೇಕೇ ಬೇಡವೇ ಎಂಬ ವಿವಾದವು ಬಗೆಹರಿಯದೆ, ಆ ವರ್ಷದ ಅಕ್ಟೋಬರ್ 1ರಿಂದ 43 ದಿನಗಳ ಕಾಲ ಅಲ್ಲಿನ ಕೇಂದ್ರ ಸರ್ಕಾರದ ಎಷ್ಟೋ ಕಚೇರಿಗಳು ಮುಚ್ಚಿದ್ದುವು. ಕಚೇರಿಗಳು ಮತ್ತೆ ತೆರೆದುವು. ಸಹಾಯವು ಮಾತ್ರ ಉಳಿಯಲಿಲ್ಲ. ಈ ಬಗೆಯ ವಿಮೆಯನ್ನು ಕೊಂಡವರು 2025ರಲ್ಲಿ ಸುಮಾರು 2 ಕೋಟಿ 40 ಲಕ್ಷ ಮಂದಿ. ಅವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ ಒಂದಲ್ಲ ಒಂದು ಪ್ರಮಾಣದ ಸಹಾಯವನ್ನು ಪಡೆಯುತ್ತಿದ್ದರು. ಹೆಚ್ಚುವರಿ ಸಹಾಯವು ನಿಂತ ಮೇಲಿನ ನಿಬಂಧನೆಯಂತೆ, ನಾಲ್ವರ ಕುಟುಂಬದ ವರಮಾನವು 1,28,600 ಡಾಲರುಗಳನ್ನು ಒಂದು ಡಾಲರಿನಷ್ಟು ದಾಟಿದರೂ 2026ನೆಯ ವರ್ಷಕ್ಕೆ ಬಿಡಿಗಾಸೂ ದೊರೆಯದು.

ಕೇಂದ್ರದವರು ಕೈಬಿಟ್ಟಲ್ಲಿ ಸಂಸ್ಥಾನಗಳು ಏನು ಮಾಡಬಲ್ಲುವು? ಆ ದೇಶದ ಐವತ್ತು ಸಂಸ್ಥಾನಗಳಲ್ಲಿ ನಲವತ್ತೊಂದು ಸಂಸ್ಥಾನಗಳು ಕೇಂದ್ರದ ವರಮಾನ ತೆರಿಗೆಯಲ್ಲದೆ ತಮ್ಮದೇ ಆದ ಇನ್ನೊಂದು ವರಮಾನ ತೆರಿಗೆಯನ್ನು ಸಂಬಳದ ಮೇಲೆ ವಸೂಲು ಮಾಡುತ್ತವೆ. ವಿಮೆಯ ಕಂತನ್ನೂ ವೈದ್ಯರ ಖರ್ಚನ್ನೂ ವರಮಾನದಿಂದ ವಜಾ ಮಾಡಿಕೊಂಡು ಉಳಿದುದಕ್ಕೆ ಮಾತ್ರ ತೆರಿಗೆ ಕೊಡಬಹುದೇ ಎಂಬುದನ್ನು ಒಂದೊಂದು ಸಂಸ್ಥಾನವೂ ತನ್ನ ತನ್ನ ಬುದ್ಧಿಗೆ ತೋರಿದಂತೆ ನಿರ್ಣಯಿಸಿಕೊಂಡಿದೆ. ಸಹಸ್ರಾರು ಕನ್ನಡ ಕುಟುಂಬಗಳು ಈ ಕಾನೂನುಗಳ ಅಧೀನದಲ್ಲಿ ಬಾಳುತ್ತಿರುವುದರಿಂದಲೂ, ಇದೇ ಪ್ರಶ್ನೆಯನ್ನು ನಮ್ಮ ದೇಶವು ಹೆಚ್ಚು ಚರ್ಚೆಯಿಲ್ಲದೆ ತೀರ್ಮಾನ ಮಾಡಿಬಿಟ್ಟಿರುವುದರಿಂದಲೂ ಅಲ್ಲಿನ ಅನುಭವವನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ವರಮಾನ ತೆರಿಗೆಯ ಮೂಲತತ್ತ್ವವು ಶಕ್ತ್ಯನುಸಾರವಾಗಿ ಕೊಡಬೇಕೆಂಬುದು. ಸಮಾನ ಸಂಬಳದ ಇಬ್ಬರಲ್ಲಿ ಒಬ್ಬನ ಮನೆಯಲ್ಲಿ ಎಲ್ಲರೂ ಆರೋಗ್ಯದಿಂದಿದ್ದು, ಇನ್ನೊಬ್ಬನ ಹೆಂಡತಿಯು ಆರು ತಿಂಗಳು ಆಸ್ಪತ್ರೆಯಲ್ಲಿದ್ದರೆ ಅವರಿಬ್ಬರ ಶಕ್ತಿಯು ಸಮವೆಂದು ಹೇಳಲು ಯಾವ ಅಧಿಕಾರಿಗೂ ಬಾಯಿ ಬಾರದು. ಅಮೆರಿಕದ ಕೇಂದ್ರ ಸರ್ಕಾರದವರು ಈ ತತ್ತ್ವವನ್ನು 1942ರಲ್ಲಿ, ಯುದ್ಧದ ವೆಚ್ಚಕ್ಕಾಗಿ ತೆರಿಗೆಯನ್ನು ಬಹು ಜನರ ಮೇಲೆ ಹಬ್ಬಿಸಿದ ಕಾಲದಲ್ಲಿಯೇ, ಒಪ್ಪಿಕೊಂಡರು. ವರಮಾನದ ನೂರಕ್ಕೆ 5ನ್ನು ಮೀರಿದ ವೈದ್ಯಕೀಯ ಖರ್ಚನ್ನು ವಜಾ ಮಾಡಿಕೊಳ್ಳಬಹುದೆಂದು ಆಗ ನಿಯಮವಾಯಿತು. ಆಮೇಲೆ ಆ ಹೊಸ್ತಿಲು ಏರುತ್ತಲೂ ಇಳಿಯುತ್ತಲೂ ಬಂದು ಈಗ ನೂರಕ್ಕೆ ಏಳೂವರೆಯಲ್ಲಿ ನಿಂತಿದೆ. ವಿಮೆಯ ಕಂತೂ ಈ ಖರ್ಚಿನಲ್ಲಿಯೇ ಸೇರುತ್ತದೆ.

ಆದರೆ ಹೊಸ್ತಿಲನ್ನು ದಾಟಿದ ಮಾತ್ರಕ್ಕೆ ಫಲವುಂಟಾಗುವುದಿಲ್ಲ. ಖರ್ಚುಗಳನ್ನು ಬಾಬುವಾರು ತೋರಿಸುವವರಿಗೆ ಮಾತ್ರ ಈ ವಜಾ ಸಲ್ಲುತ್ತದೆ. ಹಾಗೆ ತೋರಿಸದವರಿಗೆ ಸರ್ಕಾರವೇ ಗೊತ್ತುಮಾಡಿದ ನಿಗದಿ ವಜಾ ಒಂದುಂಟು. 2025ನೆಯ ವರ್ಷಕ್ಕೆ ದಂಪತಿಗಳ ನಿಗದಿ ವಜಾ 31,500 ಡಾಲರು. ಬಾಬುವಾರು ಲೆಕ್ಕದ ಮೊತ್ತವು ಇದನ್ನು ಮೀರದಿದ್ದರೆ ರಸೀತಿಗಳನ್ನು ಕಟ್ಟಿಟ್ಟು ಫಲವಿಲ್ಲ. ನಿಗದಿ ವಜಾವನ್ನು ಸುಮಾರು ಇಮ್ಮಡಿಗೊಳಿಸಿದ 2017ರ ಶಾಸನದ ತರುವಾಯ ಹತ್ತರಲ್ಲಿ ಒಂಬತ್ತು ಮಂದಿ ನಿಗದಿ ವಜಾವನ್ನೇ ಹಿಡಿದಿದ್ದಾರೆ. ಹೀಗಾಗಿ ರೋಗಿಗಾಗಿ ಹುಟ್ಟಿದ ರಿಯಾಯಿತಿಯು ಕಾನೂನು ಪುಸ್ತಕದಲ್ಲಿ ಸುಭದ್ರವಾಗಿದ್ದು, ಸಾಮಾನ್ಯ ಗೃಹಸ್ಥನ ಕೈಗೆ ಮಾತ್ರ ಎಟಕದಂತಾಗಿದೆ.

ಇಷ್ಟರಿಂದಲೇ ಅಮೆರಿಕನರಿಗೆ ವಿಮೆಯ ಹಣದ ಮೇಲೆ ರಿಯಾಯಿತಿಯೇ ಇಲ್ಲವೆಂದು ವಾಚಕರು ತಿಳಿಯಬಾರದು. ಬೇರೊಂದು ಬಾಗಿಲಿನಿಂದ ಅದು ಧಾರಾಳವಾಗಿ ಹರಿಯುತ್ತಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸರ್ಕಾರವು ಕೂಲಿ ಸಂಬಳಗಳನ್ನು ಏರಿಸಕೂಡದೆಂದು ಕಟ್ಟುಮಾಡಿತು. ಆಳುಗಳು ಸಿಕ್ಕದೆ ಕಷ್ಟಪಡುತ್ತಿದ್ದ ಕಾರ್ಖಾನೆಗಳವರು ಸಂಬಳಕ್ಕೆ ಬದಲಾಗಿ ಆರೋಗ್ಯ ವಿಮೆಯನ್ನು ಕೊಡಲು ಆರಂಭಿಸಿದರು. ಧಣಿಯು ಕಟ್ಟುವ ಈ ಕಂತು ಕೆಲಸಗಾರನ ವರಮಾನವಲ್ಲವೆಂದು 1954ರ ತೆರಿಗೆ ಕಾನೂನು ಸ್ಪಷ್ಟಪಡಿಸಿತು. ಈ ಏರ್ಪಾಡಿಗೆ ಹೊಸ್ತಿಲೂ ಇಲ್ಲ, ಬಾಬುವಾರು ಲೆಕ್ಕವೂ ಇಲ್ಲ. 2025ರ ಒಂದು ಪ್ರಸಿದ್ಧ ಸಮೀಕ್ಷೆಯ ಪ್ರಕಾರ ಧಣಿಗಳ ಮೂಲಕ ಬರುವ ಕುಟುಂಬ ವಿಮೆಯ ಸರಾಸರಿ ಕಂತು ವರ್ಷಕ್ಕೆ 26,993 ಡಾಲರು. ಅದರಲ್ಲಿ ಕೆಲಸಗಾರನು ಕೊಡುವುದು 6,850 ಮಾತ್ರ. ಉಳಿದ ಇಪ್ಪತ್ತು ಸಾವಿರವು ತೆರಿಗೆಯ ಕಣ್ಣಿಗೆ ಬೀಳುವುದೇ ಇಲ್ಲ. ಕೆಲಸಗಾರನ ಪಾಲು ಕೂಡ ಸಾಮಾನ್ಯವಾಗಿ ತೆರಿಗೆಯ ಲೆಕ್ಕಕ್ಕೆ ಮುಂಚೆಯೇ ಸಂಬಳದಿಂದ ಹಿಡಿಯಲ್ಪಡುತ್ತದೆ. ಸ್ವಂತ ಕಸಬಿನವರಾದ ವಕೀಲರು, ವೈದ್ಯರು, ವರ್ತಕರು ಇವರಿಗೂ ತಮ್ಮ ಕಂತನ್ನು ಪೂರ್ತಿಯಾಗಿ ಕಳೆದುಕೊಳ್ಳುವ ಅವಕಾಶವು 2003ರಿಂದ ಇದೆ.

ಹಾಗಾದರೆ ಯಾರು ಹೊರಗುಳಿದರು? ಐವತ್ತಕ್ಕಿಂತ ಕಡಿಮೆ ಆಳುಗಳಿರುವ ಅಂಗಡಿಗಳ, ಸಣ್ಣ ಕಾರ್ಖಾನೆಗಳ ಕೆಲಸಗಾರರು. ವಿಮೆ ಕೊಡಲೇಬೇಕೆಂಬ ಕಟ್ಟಳೆಯು ಅಂತಹ ಧಣಿಗಳಿಗೆ ಇಲ್ಲ. ಅಲ್ಲಿ ದುಡಿಯುವವನು ತೆರಿಗೆ ಕೊಟ್ಟು ಉಳಿದ ಹಣದಲ್ಲಿ ತಾನೇ ವಿಮೆಯನ್ನು ಕೊಳ್ಳಬೇಕು. ದೊಡ್ಡ ಸಂಸ್ಥೆಯ ಅಧಿಕಾರಿಗೆ ಕೇಳದೆಯೇ ದೊರೆಯುವ ವಿನಾಯಿತಿಯು ಅಂಗಡಿಯ ಗುಮಾಸ್ತನಿಗೆ ಕೇಳಿದರೂ ದೊರೆಯದು. 2025ರ ಕೊನೆಗೆ ನಿಂತುಹೋದ ಸಹಾಯವು ಯಾರಿಗೆ ಆಧಾರವಾಗಿತ್ತೋ ಅವರಲ್ಲಿ ಇಂತಹವರು ಬಹಳ.

ಈಗ ಸಂಸ್ಥಾನಗಳನ್ನು ನೋಡೋಣ. ಡೆಲವೇರ್ ನದಿಯ ಪೂರ್ವದ ದಡದಲ್ಲಿ ನ್ಯೂ ಜೆರ್ಸಿ ಸಂಸ್ಥಾನದ ರಾಜಧಾನಿಯಾದ ಟ್ರೆಂಟನ್ ಪಟ್ಟಣವಿದೆ. ಸೇತುವೆಯನ್ನು ದಾಟಿದರೆ ಪೆನ್ಸಿಲ್ವೇನಿಯಾ ಸಂಸ್ಥಾನದ ಮಾರಿಸ್‌ವಿಲ್. ಇವೆರಡು ಸಂಸ್ಥಾನಗಳಿಗೂ ಒಂದು ಒಪ್ಪಂದವುಂಟು: ಯಾವ ದಡದಲ್ಲಿ ದುಡಿದರೂ ಸಂಬಳದ ತೆರಿಗೆಯನ್ನು ವಾಸವಿರುವ ದಡಕ್ಕೆ ಕೊಡತಕ್ಕದ್ದು. ಒಂದೇ ಅಂಗಡಿಯಲ್ಲಿ ದುಡಿಯುವ ಇಬ್ಬರನ್ನು ಕಲ್ಪಿಸಿಕೊಳ್ಳೋಣ. ಇಬ್ಬರ ಕುಟುಂಬಗಳ ವರಮಾನವೂ 1,00,000 ಡಾಲರು. ಇಬ್ಬರೂ ಸ್ವಂತ ವಿಮೆಗೂ ಔಷಧೋಪಚಾರಕ್ಕೂ ಸೇರಿ 12,000 ಡಾಲರುಗಳನ್ನು ಖರ್ಚುಮಾಡಿದ್ದಾರೆ. ಕೇಂದ್ರದ ತೆರಿಗೆಯಲ್ಲಿ ಇಬ್ಬರಿಗೂ ಏಳೂವರೆ ಸಾವಿರದ ಹೊಸ್ತಿಲು ಕಳೆದು ಉಳಿಯುವುದು 4,500. ಬೇರೆ ದೊಡ್ಡ ಬಾಬುಗಳಿಲ್ಲದಿದ್ದರೆ ನಿಗದಿ ವಜಾದ ಮುಂದೆ ಅದು ಲೆಕ್ಕಕ್ಕೇ ಬಾರದು.

ನ್ಯೂ ಜೆರ್ಸಿಯಲ್ಲಿ ಹೊಸ್ತಿಲು ನೂರಕ್ಕೆ ಎರಡು ಮಾತ್ರ. ಕೇಂದ್ರಕ್ಕೆ ಬಾಬುವಾರು ಲೆಕ್ಕ ಕೊಟ್ಟಿದ್ದಾನೆಯೇ ಇಲ್ಲವೇ ಎಂದು ಆ ಸಂಸ್ಥಾನವು ಕೇಳುವುದಿಲ್ಲ. ಅಲ್ಲಿನ ನಿವಾಸಿಯು 10,000 ಡಾಲರುಗಳನ್ನು ವಜಾ ಮಾಡಿಕೊಂಡು, ಮೇಲಿನ ಅಂತಸ್ತಿನ ದರದಲ್ಲಿ ಸುಮಾರು 550 ಡಾಲರುಗಳನ್ನು ಉಳಿಸಿಕೊಳ್ಳುತ್ತಾನೆ. ಪೆನ್ಸಿಲ್ವೇನಿಯಾದಲ್ಲಿ ನೂರಕ್ಕೆ 3.07ರ ಏಕದರ, ವೈದ್ಯಕೀಯ ಖರ್ಚಿಗೆ ವಜಾ ಎಂಬುದೇ ಇಲ್ಲ. ಅಲ್ಲಿನ ನಿವಾಸಿಯು ಆಸ್ಪತ್ರೆಗೆ ಕೊಟ್ಟ ಹಣದ ಮೇಲೆಯೂ 368 ಡಾಲರು ತೆರಿಗೆ ಕೊಡುತ್ತಾನೆ. ಅದೇ ಸಂಸ್ಥಾನವು ಧಣಿಯ ಯೋಜನೆಯ ಮೂಲಕ ಸಂಬಳದಿಂದ ಹಿಡಿದ ವಿಮೆಯ ಹಣವನ್ನು ಮಾತ್ರ ತೆರಿಗೆಯಿಂದ ಬಿಟ್ಟುಕೊಟ್ಟಿದೆ! ಸಹಾಯವು ಬೇಕಾದವನಿಗಿಲ್ಲ, ಆಗಲೇ ದೊರೆತವನಿಗೆ ಇನ್ನಷ್ಟುಂಟು. ನ್ಯೂ ಜೆರ್ಸಿಯು ಇದಕ್ಕೆ ವ್ಯತಿರಿಕ್ತವಾಗಿ, ಹಾಗೆ ಹಿಡಿದ ಹಣವನ್ನು ಸಾಮಾನ್ಯವಾಗಿ ವರಮಾನವೆಂದೇ ಎಣಿಸಿ, ಆಮೇಲೆ ಎಲ್ಲರಿಗೂ ಒಂದೇ ನೂರಕ್ಕೆರಡರ ಹೊಸ್ತಿಲನ್ನು ತೋರಿಸುತ್ತದೆ. ಇದು ದೊಡ್ಡ ಸಂಸ್ಥೆಗಳ ನೌಕರರಿಗೆ ರುಚಿಸುವುದಿಲ್ಲವೆಂಬುದನ್ನು ನಾವು ಬಲ್ಲೆವು. ಆದರೂ ನಾವು ಕಂಡ ಪದ್ಧತಿಗಳಲ್ಲಿ ನ್ಯಾಯಕ್ಕೆ ಹೆಚ್ಚು ಸಮೀಪವಾದುದು ಇದೇ.

ಏಕದರದ ಪಕ್ಷಪಾತಿಗಳು ಹೇಳುವ ಸಮಾಧಾನವೊಂದಿದೆ. ವಜಾಗಳನ್ನೆಲ್ಲ ತೆಗೆದುಹಾಕಿದರೆ ದರವನ್ನು ಕಡಮೆ ಮಾಡಬಹುದು, ತಖ್ತೆಯು ಸರಳವಾಗುವುದು, ಆರೋಗ್ಯವಂತನೂ ರೋಗಿಯೂ ಇಬ್ಬರೂ ಲಾಭ ಪಡೆಯುವರು ಎಂಬುದು ಅವರ ವಾದ. ಆದರೆ ನಮ್ಮ ಉದಾಹರಣೆಯ ಕುಟುಂಬಗಳಲ್ಲಿ ಯಾರಿಗೂ ಖಾಯಿಲೆಯಿಲ್ಲವೆಂದೇ ಎಣಿಸಿ, ವಿಮೆಯನ್ನೂ ಮರೆತು ಲೆಕ್ಕ ಹಾಕಿದರೆ, ಲಕ್ಷ ಡಾಲರಿಗೆ ಪೆನ್ಸಿಲ್ವೇನಿಯಾದ ತೆರಿಗೆ 3,070. ನ್ಯೂ ಜೆರ್ಸಿಯ ಮೆಟ್ಟಲು ಮೆಟ್ಟಲಾದ ದರಗಳಂತೆ ದಂಪತಿಗಳಿಗೆ 2,750ಕ್ಕಿಂತ ಹೆಚ್ಚಾಗದು. (ಮನೆ ಕಂದಾಯದ ಮಾತು ಬೇರೆ. ಆ ವಿಷಯದಲ್ಲಿ ನ್ಯೂ ಜೆರ್ಸಿಯವರನ್ನು ಹೊಗಳುವ ಧೈರ್ಯ ನಮಗಿಲ್ಲ.) ಮಧ್ಯಮ ವರ್ಗದ ಮಟ್ಟಿಗೆ ಸರಳತೆಯ ಲಾಭವು ಎಲ್ಲಿ ಹೋಯಿತೆಂದು ಕೇಳುವ ಹಕ್ಕು ಮಾರಿಸ್‌ವಿಲ್ಲಿನ ನಿವಾಸಿಗೆ ಇದೆ.

ಉಳಿದ ಸಂಸ್ಥಾನಗಳ ರೀತಿಗಳು ನಾನಾ ವಿಧ. ಅಲಬಾಮಾದಲ್ಲಿ ಹೊಸ್ತಿಲು ನೂರಕ್ಕೆ 4. ಅರಿಜೋನಾದಲ್ಲಿ ಬಾಬುವಾರು ಲೆಕ್ಕ ಕೊಡುವವರಿಗೆ ಹೊಸ್ತಿಲೇ ಇಲ್ಲ. ಮ್ಯಾಸಚೂಸೆಟ್ಸಿನಲ್ಲಿ ಕೇಂದ್ರಕ್ಕೆ ಬಾಬುವಾರು ಲೆಕ್ಕ ಕೊಟ್ಟವನಿಗಲ್ಲದೆ ಸಂಸ್ಥಾನದ ವೈದ್ಯಕೀಯ ವಜಾ ದೊರೆಯದು. ಹಾಗಾಗಿ ಕೇಂದ್ರದ ನಿಗದಿ ವಜಾ ಏರಿದಂತೆಲ್ಲ ಸಂಸ್ಥಾನದ ರಿಯಾಯಿತಿಯೂ ತಾನಾಗಿಯೇ ಕುಗ್ಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಹೊಸ್ತಿಲು ಏಳೂವರೆಯಾದರೂ ಒಬ್ಬನ ನಿಗದಿ ವಜಾ ಸುಮಾರು 5,700 ಡಾಲರು ಮಾತ್ರವಾದುದರಿಂದ ಬಾಬುವಾರು ಲೆಕ್ಕಕ್ಕೆ ಅಲ್ಲಿ ಬೆಲೆಯುಂಟು. ಇಲಿನಾಯ್‌ನಲ್ಲಿ ಬಾಬುವಾರು ವೈದ್ಯಕೀಯ ವಜಾ ಇಲ್ಲ. ಟೆಕ್ಸಾಸ್, ಫ್ಲಾರಿಡಾ ಮೊದಲಾದ ಒಂಬತ್ತು ಸಂಸ್ಥಾನಗಳಲ್ಲಿ ಸಂಬಳದ ಮೇಲೆ ತೆರಿಗೆಯೇ ಇಲ್ಲದುದರಿಂದ ಪ್ರಶ್ನೆಯೇ ಏಳದು. ಆದರೆ ತೆರಿಗೆಯಿಲ್ಲದ ಆ ಟೆಕ್ಸಾಸಿನಲ್ಲಿಯೇ ವಿಮೆಯಿಲ್ಲದವರ ಪ್ರಮಾಣವು ಇಡೀ ದೇಶದಲ್ಲಿ ಅತ್ಯಧಿಕ. 1911ರಲ್ಲಿ ಸಂಸ್ಥಾನದ ವರಮಾನ ತೆರಿಗೆಯನ್ನು ಸಫಲವಾಗಿ ನಡಸಿ ಮಿಕ್ಕವರಿಗೆ ದಾರಿ ತೋರಿಸಿದ ವಿಸ್ಕಾನ್ಸಿನ್ ಈ ವಿಷಯದಲ್ಲಿಯೂ ವಿವೇಕದಿಂದ ನಡೆದಿದೆ: ತೆರಿಗೆ ಕೊಟ್ಟು ಉಳಿದ ಹಣದಿಂದ ವಿಮೆಯ ಕಂತು ಕಟ್ಟಿದವನು ಅದನ್ನು ನೇರವಾಗಿ ವರಮಾನದಿಂದ ಕಳೆದುಕೊಳ್ಳಬಹುದು. ಅಂಗಡಿಯ ಗುಮಾಸ್ತನನ್ನು ನೆನೆದವರು ಆ ಕಾನೂನನ್ನು ಬರೆದಿರಬೇಕು.

ಸಂಸ್ಥಾನಗಳು ತೆರಿಗೆಯ ತಖ್ತೆಯನ್ನು ದಯೆಗೆ ಮಾತ್ರವಲ್ಲದೆ ದಂಡಕ್ಕೂ ಉಪಯೋಗಿಸುತ್ತವೆ. ವಿಮೆಯಿಲ್ಲದವನಿಗೆ ಕೇಂದ್ರವು ಹಾಕುತ್ತಿದ್ದ ಜುಲ್ಮಾನೆಯು 2019ರಿಂದ ಸೊನ್ನೆಗಿಳಿಯಲು, ನ್ಯೂ ಜೆರ್ಸಿಯು ಅದೇ ವರ್ಷದಿಂದಲೂ ಕ್ಯಾಲಿಫೋರ್ನಿಯಾ, ರೋಡ್ ಐಲೆಂಡ್‌ಗಳು 2020ರಿಂದಲೂ ತಾವೇ ಜುಲ್ಮಾನೆಯನ್ನು ವಿಧಿಸಿ ವರಮಾನ ತೆರಿಗೆಯ ಜೊತೆಯಲ್ಲಿ ವಸೂಲು ಮಾಡತೊಡಗಿದುವು. ಎಲ್ಲರೂ ಸೇರದಿದ್ದರೆ ವಿಮೆಯ ನಿಧಿಯು ನಿಲ್ಲದೆಂಬುದು ನಿಜ; ನಾವು ಈ ದಂಡವನ್ನು ಪೂರ್ತಿಯಾಗಿ ಖಂಡಿಸಲಾರೆವು. ಆದರೆ ವಿಮೆಯನ್ನು ಕೊಳ್ಳದವನಿಗೆ ದಂಡ ಹಾಕುವ ಸಂಸ್ಥಾನವು, ಕಷ್ಟಪಟ್ಟು ಕೊಂಡವನ ಕಂತನ್ನು ವರಮಾನದಿಂದ ಕಳೆಯಲು ಒಪ್ಪುವುದು ಕನಿಷ್ಠ ಮರ್ಯಾದೆ. ನ್ಯೂ ಜೆರ್ಸಿಯು ಅದನ್ನು ಬಹುಮಟ್ಟಿಗೆ ಪಾಲಿಸಿದೆ. ಕ್ಯಾಲಿಫೋರ್ನಿಯಾ ಅರ್ಧ ಮನಸ್ಸಿನಿಂದ.

ಈ ವಜಾಗಳ ಮಿತಿಯನ್ನು ನಾವು ಮರೆಮಾಚುವುದಿಲ್ಲ. ಸಂಸ್ಥಾನಗಳ ದರಗಳು ಕಡಮೆಯಾದುದರಿಂದ ಉಳಿತಾಯವೂ ಕಡಮೆ. 12,000 ಡಾಲರು ತೆತ್ತವನಿಗೆ 550 ಹಿಂದಿರುಗಿದರೆ ಅದರಿಂದ ಆಸ್ಪತ್ರೆಯ ಸಾಲವು ತೀರದು. ತೆರಿಗೆಯನ್ನೇ ಕೊಡಲಾರದ ಬಡವನಿಗೆ ವಜಾದಿಂದ ಏನೂ ದೊರೆಯದು. ಹೆಚ್ಚಿನ ದರದವನಿಗೆ ಅದೇ ಖರ್ಚಿಗೆ ಹೆಚ್ಚು ದೊರೆಯುವುದು. ಕೇಂದ್ರವು ಕಿತ್ತುಕೊಂಡ ಸಹಾಯಕ್ಕೆ ಇದು ಬದಲಾಗಲಾರದು. ಆದರೂ ಸಹಾಯ ಮಾಡುವುದು ಒಂದು, ರೋಗಿಯ ಖರ್ಚನ್ನು ಭೋಗದ ಖರ್ಚಿನಂತೆ ಕಂಡು ತೆರಿಗೆ ಹಾಕದಿರುವುದು ಇನ್ನೊಂದು. ಮೊದಲನೆಯದು ಖಜಾನೆಯ ಶಕ್ತಿಗೆ ಸೇರಿದ್ದು. ಎರಡನೆಯದು ತೆರಿಗೆಯ ನ್ಯಾಯಕ್ಕೆ ಸೇರಿದ್ದು, ಖಜಾನೆಯು ಬರಿದೆಂಬ ನೆಪದಿಂದ ತಳ್ಳಿಹಾಕತಕ್ಕದ್ದಲ್ಲ.

ಅಲ್ಲಿ ನೆಲಸಿರುವ ನಮ್ಮವರಲ್ಲಿ ಬಹು ಮಂದಿ ದೊಡ್ಡ ಸಂಸ್ಥೆಗಳ ನೌಕರರಾದುದರಿಂದ ಧಣಿಯ ವಿಮೆಯ ನೆರಳಿನಲ್ಲಿದ್ದಾರೆ. ಅವರನ್ನು ಚುಚ್ಚುವ ಮುಳ್ಳು ಬೇರೆ. ಅಮೆರಿಕದ ಕಾನೂನಿನಂತೆ ಗಂಡ, ಹೆಂಡತಿ ಮತ್ತು ಆಶ್ರಿತರ ವೈದ್ಯಕೀಯ ಖರ್ಚಿಗೆ ಮಾತ್ರ ವಜಾ. ಆಶ್ರಿತರೆನಿಸಿಕೊಳ್ಳಬೇಕಾದರೆ ಅಮೆರಿಕದ ಪ್ರಜೆಗಳಾಗಿರಬೇಕು, ಇಲ್ಲವೆ ಅಮೆರಿಕ, ಕೆನಡಾ, ಮೆಕ್ಸಿಕೋ ದೇಶಗಳಲ್ಲೊಂದರ ನಿವಾಸಿಗಳಾಗಿರಬೇಕು. ಎಡಿಸನ್ ಪಟ್ಟಣದಲ್ಲಿರುವ ಮಗನು ಮೈಸೂರಿನಲ್ಲಿರುವ ಭಾರತೀಯಳಾದ ತಾಯಿಯ ಶಸ್ತ್ರಚಿಕಿತ್ಸೆಗೆ ಕಳುಹಿಸಿದ ಹಣಕ್ಕೆ ಆ ಲೆಕ್ಕದಲ್ಲಿ ಸ್ಥಾನವಿಲ್ಲ. ಬಾಣಂತನಕ್ಕೆಂದು ಆರು ತಿಂಗಳು ಬಂದಿರುವ ತಾಯಿಗಾಗಿ ಕೊಂಡ ವಿಮೆಗೂ ಇಲ್ಲ. ಮುದುಕರನ್ನು ಕಾಯಂ ನಿವಾಸಿಗಳನ್ನಾಗಿ ಕರೆಸಿಕೊಂಡರೆ, ಅಲ್ಲಿ ದುಡಿದವರಲ್ಲದುದರಿಂದ ಐದು ವರ್ಷ ಸತತವಾಗಿ ನೆಲಸುವವರೆಗೆ ವೃದ್ಧರ ಸರ್ಕಾರೀ ವಿಮೆಗೆ ಹಣ ಕೊಟ್ಟು ಸೇರಲೂ ಅವರಿಗೆ ಅರ್ಹತೆಯಿಲ್ಲ. ತಂದೆತಾಯಿಗಳ ಶುಶ್ರೂಷೆಯನ್ನು ಧರ್ಮವೆಂದು ತಿಳಿದವರಿಗೆ ಆ ಕಾನೂನು ಅಪರಿಚಿತವಾಗಿ ಕಾಣುವುದು ಸಹಜ.

ಈ ಒಂದು ಅಂಶದಲ್ಲಿ ನಮ್ಮ ದೇಶದ ಕಾನೂನು ಹೆಚ್ಚು ಮನುಷ್ಯತ್ವವುಳ್ಳದ್ದಾಗಿತ್ತು. ವರಮಾನ ತೆರಿಗೆ ಕಾನೂನಿನ ಒಂದು ಕಲಮಿನಂತೆ ತನ್ನ ಕುಟುಂಬದ ವಿಮೆಗೆ 25,000 ರೂಪಾಯಿ, ತಂದೆತಾಯಿಗಳ ವಿಮೆಗೆ ಬೇರೆಯಾಗಿ ಮತ್ತೆ 25,000, ಅವರು ಅರವತ್ತು ದಾಟಿದ್ದರೆ 50,000ದವರೆಗೆ ವಜಾ ದೊರೆಯುತ್ತದೆ. ತಂದೆತಾಯಿಗಳು ಮಗನ ಆಶ್ರಿತರೇ ಎಂದು ಆ ಕಲಮು ಕೇಳುವುದಿಲ್ಲ. ಅರವತ್ತು ದಾಟಿ ವಿಮೆಯಿಲ್ಲದವರಾದರೆ ಅವರ ಔಷಧೋಪಚಾರದ ಖರ್ಚನ್ನೇ ಆ ಮಿತಿಯೊಳಗೆ ತೋರಿಸಬಹುದು. ಆದರೆ ಈ ವಜಾ ಉಳಿದಿರುವುದು ಹಳೆಯ ಪದ್ಧತಿಯಲ್ಲಿ ಮಾತ್ರ. 2020ರ ಮುಂಗಡ ಪತ್ರದಲ್ಲಿ ತಲೆದೋರಿ, 2023–24ನೆಯ ಸಾಲಿನಿಂದ ತಾನಾಗಿಯೇ ಅನ್ವಯಿಸುವಂತೆ ಮಾಡಲ್ಪಟ್ಟ ಹೊಸ ಪದ್ಧತಿಯಲ್ಲಿ ಇದಕ್ಕೆ ಸ್ಥಳವಿಲ್ಲ. 2024ರ ಜುಲೈ 31ರವರೆಗೆ ಬಂದ 7 ಕೋಟಿ 28 ಲಕ್ಷ ತಖ್ತೆಗಳಲ್ಲಿ ನೂರಕ್ಕೆ 72 ಹೊಸ ಪದ್ಧತಿಯವು.

ಬೇಕಾದವರು ಹಳೆಯ ಪದ್ಧತಿಯನ್ನು ಆರಿಸಿಕೊಳ್ಳಬಹುದಲ್ಲ ಎಂದು ಅಧಿಕಾರಿಗಳು ಹೇಳುವರು. ಲೆಕ್ಕವನ್ನು ನೋಡೋಣ. 15 ಲಕ್ಷ ರೂಪಾಯಿ ಸಂಬಳದವನು 2025–26ನೆಯ ಸಾಲಿಗೆ ಹೊಸ ಪದ್ಧತಿಯಲ್ಲಿ ಕೊಡುವ ತೆರಿಗೆ, ಉಪಕರ ಸೇರಿ, 97,500. ಅವನ ವೃದ್ಧ ತಂದೆಗೆ ಮೂತ್ರಪಿಂಡದ ಖಾಯಿಲೆಯೆಂದು ತಿಳಿಯಿರಿ. ಹಳೆಯ ಪದ್ಧತಿಗೆ ಮರಳಿ, ನಿಗದಿ ವಜಾ 50,000, ಉಳಿತಾಯದ ಬಾಬು ಒಂದೂವರೆ ಲಕ್ಷ, ವಿಮೆಯ 75,000, ಕಠಿಣ ರೋಗದ ಚಿಕಿತ್ಸೆಯ ಒಂದು ಲಕ್ಷ ಇಷ್ಟನ್ನೂ ತೋರಿಸಿದರೂ, ಮನೆಬಾಡಿಗೆ ಗೃಹಸಾಲಗಳ ವಜಾ ಇಲ್ಲದ ಪಕ್ಷದಲ್ಲಿ, ಅವನು ಕೊಡಬೇಕಾದುದು 1,56,000. ಹೀಗಿರುವಾಗ ಆಯ್ಕೆಯೆಂಬುದು ಬರಿಯ ಮಾತು. ರೋಗಿಯಿರುವ ಮನೆಯೂ ರೋಗಿಯಿಲ್ಲದ ಮನೆಯೂ ಒಂದೇ 97,500ನ್ನು ಕೊಡುತ್ತವೆ. ಅದರೊಳಗೆ ಆರೋಗ್ಯದ ಹೆಸರಿನಲ್ಲಿಯೂ ಶಿಕ್ಷಣದ ಹೆಸರಿನಲ್ಲಿಯೂ ವಸೂಲಾಗುವ ನೂರಕ್ಕೆ ನಾಲ್ಕರ ಉಪಕರವೂ ಸೇರಿದೆ.

ಮೈಸೂರು ಸಂಸ್ಥಾನಕ್ಕೆ 1923ರ ಕಾನೂನಿನಂತೆ ತನ್ನದೇ ಆದ ವರಮಾನ ತೆರಿಗೆಯಿತ್ತು. 1950ರ ಏಪ್ರಿಲ್ 1ರಿಂದ ಭಾರತದ ಕಾನೂನು ಇಲ್ಲಿಗೂ ಅನ್ವಯಿಸಿತು. ಕೃಷಿ ವರಮಾನವೊಂದನ್ನುಳಿದು ವರಮಾನ ತೆರಿಗೆಯ ಅಧಿಕಾರವೆಲ್ಲವೂ ಈಗ ಕೇಂದ್ರದ್ದು. ದೇಶದ ಐಕ್ಯಕ್ಕೆ ಅದು ಅವಶ್ಯವೆಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಟ್ರೆಂಟನ್ನಿನ ಸೇತುವೆಯಂತಹದು ನಮ್ಮ ತುಂಗಭದ್ರೆಯ ಮೇಲೆ ಬೇಕಾಗಿಲ್ಲ. ಆದರೆ ಇದರ ಫಲವಾಗಿ, ಅಮೆರಿಕದಲ್ಲಿ ಕೇಂದ್ರವು ತಪ್ಪಿದರೆ ನ್ಯೂ ಜೆರ್ಸಿಯೋ ವಿಸ್ಕಾನ್ಸಿನ್ನೋ ತಿದ್ದಿಕೊಳ್ಳಬಹುದಾದಂತೆ ಇಲ್ಲಿ ತಿದ್ದಿಕೊಳ್ಳುವ ದಾರಿಯಿಲ್ಲ. ತಿದ್ದಬೇಕಾದವರು ದೆಹಲಿಯವರೇ.

ಅವರು 2025ರ ಸೆಪ್ಟೆಂಬರ್ 22ರಿಂದ ವ್ಯಕ್ತಿಗಳು ಕೊಳ್ಳುವ ಆರೋಗ್ಯ ವಿಮೆಯ ಮೇಲಿನ ನೂರಕ್ಕೆ 18ರ ಸರಕು ಸೇವಾ ತೆರಿಗೆಯನ್ನು ಪೂರ್ತಿ ತೆಗೆದುಹಾಕಿದ್ದಾರೆ. ಅದಕ್ಕಾಗಿ ಅವರನ್ನು ಅಭಿನಂದಿಸುತ್ತೇವೆ. ಇನ್ನೊಂದು ಹೆಜ್ಜೆ ಉಳಿದಿದೆ. ಹೊಸ ಪದ್ಧತಿಯಲ್ಲಿಯೂ ಧಣಿಯು ನೌಕರನಿಗಾಗಿ ಕಟ್ಟುವ ಆರೋಗ್ಯ ವಿಮೆಯ ಕಂತನ್ನು ನೌಕರನ ವರಮಾನವೆಂದು ಎಣಿಸುವುದಿಲ್ಲ. ಧಣಿಯಿಲ್ಲದವನು, ನಿವೃತ್ತನಾದವನು, ಧಣಿಯಿದ್ದೂ ವಿಮೆ ಪಡೆಯದವನು, ಇವರು ತಾವೇ ಕಟ್ಟುವ ಕಂತಿಗೆ ಮಾತ್ರ ವಜಾ ಇಲ್ಲ. ಅಮೆರಿಕದಲ್ಲಿ ಯುದ್ಧಕಾಲದ ಆಕಸ್ಮಿಕದಿಂದ ಹುಟ್ಟಿದ ತಾರತಮ್ಯವನ್ನು ನಾವು ಶಾಂತಿಕಾಲದಲ್ಲಿ ಸರಳತೆಯ ಹೆಸರಿನಿಂದ ಬರಮಾಡಿಕೊಂಡಂತಾಗಿದೆ. ಸ್ವಂತ ಕುಟುಂಬದ ಮತ್ತು ತಂದೆತಾಯಿಗಳ ವಿಮೆಯ ವಜಾವನ್ನೂ, ವಿಮೆ ದೊರೆಯದ ವೃದ್ಧರ ಚಿಕಿತ್ಸೆಯ ವಜಾವನ್ನೂ, ಈಗಿರುವ ಮಿತಿಗಳಲ್ಲಿಯೇ ಆದರೂ ಸರಿ, ಹೊಸ ಪದ್ಧತಿಗೆ ಸೇರಿಸಬೇಕೆಂದು ನಾವು ಒತ್ತಾಯಪಡಿಸುತ್ತೇವೆ. ಮುಂದಿನ ಮುಂಗಡ ಪತ್ರದ ಚರ್ಚೆಯಲ್ಲಿ ಕರ್ನಾಟಕದ ಲೋಕಸಭಾ ಸದಸ್ಯರು, ಯಾವ ಪಕ್ಷದವರೇ ಆಗಲಿ, ಈ ಒಂದು ತಿದ್ದುಪಡಿಯನ್ನು ಸೂಚಿಸುವರೆಂದು ನಿರೀಕ್ಷಿಸುತ್ತೇವೆ.